ಹಂದಿಯ ತೂಕ ಬರೆಯುವ ಮುಂಚೆ ಹೆಜ್ಜೆ ನೋಡಿ

ಮಾನ್ಯ ಸಂಪಾದಕರೇ,

ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ನಮ್ಮ ಕಡೆ ಕಾಡುಹಂದಿ ಸುದ್ದಿ ಶುರುವಾಗುತ್ತದೆ. ಕುಷ್ಟಗಿ, ಯಲಬುರ್ಗಾ, ಕನಕಗಿರಿ, ಸಂಡೂರು, ಎಲ್ಲಿಂದಲಾದರೂ ಒಂದು ವರದಿ ಬಂದೇ ಬರುತ್ತದೆ. ಬೆಳೆ ಹಾಳಾದದ್ದನ್ನು ಪತ್ರಿಕೆ ಬರೆಯುತ್ತದಲ್ಲ, ಅದಕ್ಕೆ ರೈತರ ಪರವಾಗಿ ಥ್ಯಾಂಕ್ಸ್. ಆದರೆ ಆ ವರದಿಗಳಲ್ಲಿ ಹಂದಿ ಯಾವಾಗಲೂ ‘ದೈತ್ಯ’, ‘ಭಾರೀ ಗಾತ್ರದ್ದು’. ತೂಕವಂತೂ ಎರಡು ಕ್ವಿಂಟಲ್‌ಗೆ ಕಡಿಮೆ ಇಲ್ಲ. ಯಾರು ತೂಗಿದರು? ಎಲ್ಲಿ ತೂಗಿದರು? ಅದು ಮಾತ್ರ ಇರುವುದಿಲ್ಲ. ರಾತ್ರಿ ಬ್ಯಾಟರಿ ಬೆಳಕಲ್ಲಿ ಒಂದು ಕ್ಷಣ ಕಂಡು ಬದು ಹಾರಿ ಹೋದ ಪ್ರಾಣಿಯ ತೂಕ ಮಾರನೇ ದಿನ ಪೇಪರಿನಲ್ಲಿ ಅಚ್ಚಾಗಿರುತ್ತದೆ.

ನಾನು ಕೇಳುವುದು ಇಷ್ಟೇ. ಹಂದಿಯ ಗಾತ್ರ ಬರೆಯುವುದಾದರೆ ಅದನ್ನು ಹೇಗೆ ಅಂದಾಜು ಮಾಡಿದರು ಅನ್ನುವುದನ್ನೂ ಬರೆಯಿರಿ. ಅದು ಗೊತ್ತಿಲ್ಲದಿದ್ದರೆ ಗಾತ್ರವನ್ನೇ ಬರೆಯಬೇಡಿ.

ಇದೇನು ದೊಡ್ಡ ವಿಷಯ ಅಂತ ಅನ್ನಿಸಬಹುದು. ಹೊಲದಲ್ಲಿ ಮಲಗುವವರಿಗೆ ದೊಡ್ಡ ವಿಷಯವೇ. ಎರಡು ಕ್ವಿಂಟಲ್ ಹಂದಿ ತಿರುಗುತ್ತಿದೆ ಅಂತ ಓದಿದ ಮೇಲೆ ಕಾವಲಿಗೆ ಹೋಗುವ ಧೈರ್ಯ ಬರುವುದಿಲ್ಲ. ಆಮೇಲೆ ಏನಾಗುತ್ತದೆ ಎಲ್ಲರಿಗೂ ಗೊತ್ತು. ಯಾರೋ ಬದುವಿನ ತಂತಿಗೆ ಕರೆಂಟ್ ಕೊಡುತ್ತಾರೆ, ಇನ್ಯಾರೋ ಸಿಡಿಮದ್ದು ಇಡುತ್ತಾರೆ. ಹಂದಿ ಸಿಗುತ್ತೋ ಇಲ್ಲವೋ, ಪಕ್ಕದ ಹೊಲದ ಎತ್ತು ಸಾಯುತ್ತದೆ, ಮೇಯಲು ಬಂದ ಆಕಳ ಬಾಯಿ ಸಿಡಿಯುತ್ತದೆ, ಕತ್ತಲಲ್ಲಿ ನೀರು ಹಾಯಿಸಲು ಹೋದ ಮನುಷ್ಯ ತಂತಿ ಮುಟ್ಟಿ ಹೋಗಿಬಿಡುತ್ತಾನೆ.

ಹಂದಿಯ ಅಳತೆ ತಿಳಿಯುವುದು ಹಳೇ ಬೇಟೆಗಾರರಿಗೆ ನಿತ್ಯದ ವಿದ್ಯೆಯಾಗಿತ್ತು. ಯುಗಾದಿ ಬಂತೆಂದರೆ ಊರ ಗಂಡಸರೆಲ್ಲ ಗುಡ್ಡ ಹತ್ತುತ್ತಿದ್ದ ಕಾಲ ಅದು. ಈಗ ಅದಕ್ಕೆ ಅವಕಾಶ ಇಲ್ಲ, ಇರಬಾರದು ಕೂಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಕಾಡುಹಂದಿ ಹೊಡೆಯುವುದು ಅಪರಾಧ. 2022ರ ತಿದ್ದುಪಡಿ ಆದ ಮೇಲೂ ಅದು ರಕ್ಷಣೆ ಇರುವ ಪ್ರಾಣಿಗಳ ಎರಡನೇ ಅನುಸೂಚಿಯಲ್ಲಿದೆ. ಹಾಗಾಗಿ ಯಾರಾದರೂ ಬೇಟೆಗೆ ಹೋಗಲಿ ಅಂತ ನಾನು ಬರೆಯುತ್ತಿಲ್ಲ. ಬೇಟೆ ನಿಂತಿತು, ಅದರ ಜೊತೆಗೆ ನೋಡುವ ಕಣ್ಣೂ ಹೋಗಬೇಕಾ? ಆ ಹಿರಿಯರು ಇನ್ನೂ ಕೆಲವರು ಇದ್ದಾರೆ. ಅವರನ್ನು ಯಾರೂ ಕೇಳುತ್ತಿಲ್ಲ.

ನಮ್ಮೂರಿನ ಅಜ್ಜ ಒಬ್ಬರು ಮೊದಲು ಹೇಳುವ ಮಾತು, “ತಮ್ಮಾ, ಹಂದಿ ನೋಡಬ್ಯಾಡ, ಹೆಜ್ಜಿ ನೋಡು.” ಹಂದಿ ಕಣ್ಣಿಗೆ ಮೋಸ ಮಾಡುತ್ತದೆ. ಹೆದರಿದಾಗ ಕುತ್ತಿಗೆಯಿಂದ ಬೆನ್ನಿನವರೆಗಿನ ಬಿರುಸು ಕೂದಲನ್ನು ನೆಟ್ಟಗೆ ನಿಲ್ಲಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಆ ಕೂದಲು ಇನ್ನೂ ದಟ್ಟ. ಅದೇ ಹಂದಿ ಕೆಸರಲ್ಲಿ ಹೊರಳಾಡಿ ಬಂದರೆ ಕೂದಲು ಮೈಗಂಟಿ ಸಣ್ಣದಾಗಿ ಕಾಣುತ್ತದೆ. ರಾತ್ರಿಯಲ್ಲಿ ನೆರಳೂ ಸೇರಿ ದೊಡ್ಡದಾಗುತ್ತದೆ.

ಇಲ್ಲಿ ಒಂದು ಲೆಕ್ಕ ಇದೆ, ವರದಿಗಾರರು ದಯವಿಟ್ಟು ಗಮನಿಸಬೇಕು. ಎತ್ತರದಲ್ಲಿ ಸ್ವಲ್ಪ ತಪ್ಪಿದರೆ ತೂಕದಲ್ಲಿ ಬಹಳ ತಪ್ಪುತ್ತದೆ. ಪ್ರಾಣಿ ಎತ್ತರ ಆದಂತೆ ಅಗಲವೂ ಉದ್ದವೂ ಹೆಚ್ಚುತ್ತವೆ ಅಲ್ವಾ, ಮೂರೂ ಸೇರಿ ತೂಕ. ಮೂರು ಅಡಿ ಎತ್ತರದ ಹಂದಿಯನ್ನು ಮೂರೂವರೆ ಅಡಿ ಅಂತ ತಿಳಿದರೆ ತಪ್ಪಿದ್ದು ಬರೀ ಅರ್ಧ ಅಡಿ, ಆದರೆ ತೂಕ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗಿಹೋಗುತ್ತದೆ. ಕ್ವಿಂಟಲ್ ಹಂದಿ ಕತ್ತಲಲ್ಲಿ ಒಂದೂವರೆ ಕ್ವಿಂಟಲ್ ದಾಟುವುದು ಹೀಗೆ. ಯಾರೂ ಬೇಕಂತ ಸುಳ್ಳು ಹೇಳಬೇಕಾಗಿಲ್ಲ.

ನಮ್ಮ ದೇಶದ ಚೆನ್ನಾಗಿ ಬೆಳೆದ ಗಂಡು ಕಾಡುಹಂದಿ ಭುಜದ ಹತ್ತಿರ ಮೂರು ಅಡಿ ಆಸುಪಾಸು, ಅಂದರೆ ಎರಡು ಮೊಳ. ಕ್ವಿಂಟಲ್ ದಾಟಿದ ಗಂಡು ಇಲ್ಲ ಅಂತಲ್ಲ, ಇವೆ. ಎರಡು ಕ್ವಿಂಟಲ್ ಅನ್ನುವುದು ಬಹಳ ಅಪರೂಪ. ವರದಿಗಳಲ್ಲಿ ಮಾತ್ರ ಅದೇ ಮಾಮೂಲಿ ಆಗಿದೆ.

ಇನ್ನು ಹೆಜ್ಜೆಯ ವಿಷಯ. ಮಳೆ ಬಿದ್ದ ಮಾರನೇ ಬೆಳಿಗ್ಗೆ ಬದುವಿನ ಮೇಲೆ ಹೋಗಿ ನೋಡಿದರೆ ಎರಡು ಗೊರಸಿನ ಗುರುತು ಇರುತ್ತದೆ, ತುದಿ ಮೊಂಡಾಗಿರುತ್ತದೆ. ಅದರ ಹಿಂದೆ, ಸ್ವಲ್ಪ ಆಚೀಚೆ ಸರಿದು, ಎರಡು ಸಣ್ಣ ಚುಕ್ಕಿ. ಅವು ಮೇಲಿನ ಚಿಕ್ಕ ಗೊರಸುಗಳು. ಕುರಿಯ ಹೆಜ್ಜೆಯಲ್ಲಿ ಆ ಚುಕ್ಕಿ ಸಾಮಾನ್ಯವಾಗಿ ಕಾಣುವುದಿಲ್ಲ, ಹಂದಿಯದ್ದರಲ್ಲಿ ಮೆತ್ತನೆ ನೆಲ ಸಿಕ್ಕರೆ ಚೆನ್ನಾಗಿ ಮೂಡುತ್ತದೆ. ಮುಂಗಾಲಿನ ಗುರುತು ಹಿಂಗಾಲಿಗಿಂತ ದೊಡ್ಡದು, ಅದನ್ನೇ ಅಳೆಯಬೇಕು. ಅಗಲ ಮೂರು ಬೆರಳಿದ್ದರೆ ಸಾಧಾರಣ ಹಂದಿ. ನಾಲ್ಕು ಬೆರಳು ತುಂಬಿದರೆ ದೊಡ್ಡ ಗಂಡು ಅಂತ ಅಜ್ಜನ ಲೆಕ್ಕ. ಆದರೆ ನೆಲ ನೋಡಿ ಹೇಳಬೇಕು. ಹಸಿ ಎರೆಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಗೊರಸು ಅಗಲಿ ಜಾರುತ್ತದೆ, ಮರಿಹಂದಿಯ ಹೆಜ್ಜೆಯೂ ದೊಡ್ಡದಾಗಿ ಬೀಳುತ್ತದೆ. ಮಸಾರಿಯ ಕೆಂಪು ಮಣ್ಣಿನಲ್ಲಿ ಅಂಚು ಉದುರಿ ಮಧ್ಯಾಹ್ನದ ಹೊತ್ತಿಗೆ ಇನ್ನಷ್ಟು ಅಗಲ ಆಗಿರುತ್ತದೆ. ಒಂದೇ ಗುರುತು ನೋಡಿ ತೀರ್ಮಾನ ಮಾಡಬಾರದು. ನಾಲ್ಕಾರು ಹೆಜ್ಜೆ ಅಳೆದು, ಚೊಕ್ಕಾಗಿ ಬಿದ್ದದ್ದನ್ನು ಹಿಡಿಯಬೇಕು.

ಎತ್ತರ ಬೇಕೆಂದರೆ ಮರ ನೋಡಬೇಕು. ಹಳ್ಳದಲ್ಲಿ ಹೊರಳಿದ ಹಂದಿ ಬೇವಿಗೋ ಜಾಲಿಗೋ ಮೈ ಉಜ್ಜುತ್ತದೆ. ಕಾಂಡದ ಮೇಲೆ ಕೆಸರು ಒಣಗಿ ಬಿಳಿಚಿಕೊಂಡಿರುತ್ತದೆ, ಅದರಲ್ಲಿ ಒಂದೆರಡು ಕೂದಲು ಸಿಕ್ಕಿಕೊಂಡಿರುತ್ತವೆ. ಆ ಕೆಸರಿನ ಮೇಲಂಚು ನೆಲದಿಂದ ಎಷ್ಟು ಎತ್ತರ ಇದೆ ಅಂತ ಟೇಪು ಹಿಡಿದರೆ ಸಾಕು, ಹಂದಿಯ ಭುಜ ಎಲ್ಲಿಗೆ ಬರುತ್ತದೆ ಅಂತ ತಿಳಿಯುತ್ತದೆ. ನಮ್ಮ ಹಳ್ಳಗಳ ತುಂಬಾ ಬಳ್ಳಾರಿ ಜಾಲಿ ಬೆಳೆದು ಹಂದಿಗೆ ಹಗಲು ಮಲಗಲು ಒಳ್ಳೇ ಜಾಗ ಆಗಿದೆ, ಅಂಥಲ್ಲಿ ಇಂಥ ಮರ ಹುಡುಕುವುದು ಕಷ್ಟವೇನಲ್ಲ.

ಪ್ರಾಣಿಯೇ ಎದುರಿಗೆ ಕಂಡರೆ ಮೈಯ ಅಳತೆಗಿಂತ ಮೈಯ ಹೊಂದಿಕೆ ನೋಡಬೇಕು. ದೊಡ್ಡ ಗಂಡಿಗೆ ಮುಂದಿನ ಭಾಗ ಭಾರ, ಭುಜ ಎತ್ತರ, ಹಿಂದಕ್ಕೆ ಇಳಿಜಾರು. ಹೆಣ್ಣಿನ ಬೆನ್ನು ಹೆಚ್ಚುಕಮ್ಮಿ ಸಮ. ಮೈ ತುಂಬಿದಂತೆ ಕಾಲು ಗಿಡ್ಡ ಕಾಣುತ್ತದೆ, ತಲೆಗೆ ಹೋಲಿಸಿದರೆ ಕಿವಿ ಸಣ್ಣದಾಗುತ್ತದೆ. ಕಿವಿ ದೊಡ್ಡದಾಗಿ, ಕಾಲು ಉದ್ದವಾಗಿ ಕಂಡರೆ ಅದು ಇನ್ನೂ ಎಳೇದು. ಮೈ ಮೇಲೆ ಪಟ್ಟೆ ಇದ್ದರಂತೂ ನಾಲ್ಕೈದು ತಿಂಗಳೊಳಗಿನ ಮರಿ. ಕೋರೆ ನೋಡಿ ಮಾತ್ರ ತೂಕ ಹೇಳಬಾರದು. ಕೋರೆಯ ಬಹುಪಾಲು ದವಡೆಯೊಳಗೇ ಇರುತ್ತದೆ, ಹೊರಗೆ ಕಾಣುವುದು ಸ್ವಲ್ಪ. ಅದು ವಯಸ್ಸನ್ನು ಹೇಳುತ್ತದೆಯೇ ಹೊರತು ತೂಕವನ್ನಲ್ಲ. ಬರಗಾಲದಲ್ಲಿ ಸೊರಗಿದ ಮುದಿ ಗಂಡಿಗೂ ದೊಡ್ಡ ಕೋರೆ ಇರುತ್ತದೆ.

ಕುರಿ ಸಂತೆಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ವ್ಯಾಪಾರಿ ಬರೀ ಕಣ್ಣಲ್ಲಿ ನೋಡಿ ಬೆಲೆ ಕಟ್ಟುವುದಿಲ್ಲ, ಬೆನ್ನು ಸೊಂಟ ಹಿಸುಕಿ ನೋಡುತ್ತಾನೆ. ಉಣ್ಣೆ ಜಾಸ್ತಿ ಇದ್ದರೆ ಕುರಿ ದಪ್ಪ ಕಾಣುತ್ತದೆ ಅಂತ ಅವನಿಗೆ ಗೊತ್ತು. ಹಳೇ ಬೇಟೆಗಾರರೂ ಹಾಗೇ. ಅವರು ಮಾಂಸವನ್ನು ಊರಿಗೆಲ್ಲ ಪಾಲು ಹಾಕಬೇಕಿತ್ತು. ಗುಡ್ಡದಲ್ಲಿ ಎಷ್ಟೇ ದೊಡ್ಡ ಮಾತು ಆಡಿದರೂ ಪಾಲು ಹಾಕುವಾಗ ನಿಜ ಗೊತ್ತಾಗುತ್ತಿತ್ತು. ಅದಕ್ಕೇ ಅವರ ಅಂದಾಜು ಸರಿ ಇರುತ್ತಿತ್ತು.

ಸತ್ತ ಹಂದಿ ಸಿಕ್ಕಿದ್ದರೆ ಊಹೆಯ ಮಾತೇ ಬೇಡ. ರಸ್ತೆಯಲ್ಲಿ ಲಾರಿಗೆ ಸಿಕ್ಕು ಸತ್ತವು ಇರುತ್ತವೆ, ಅರಣ್ಯ ಇಲಾಖೆಯವರು ಪಂಚನಾಮೆ ಮಾಡುತ್ತಾರೆ. ತಕ್ಕಡಿ ಇಲ್ಲದಿದ್ದರೂ ಹಂದಿ ಸಾಕುವವರು ಬಳಸುವ ಒಂದು ಲೆಕ್ಕ ಇದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಕಿವಿಗಳ ನಡುವಿನಿಂದ ಬಾಲದ ಬುಡದವರೆಗೆ ಉದ್ದ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 400ರಿಂದ ಭಾಗಿಸಿದರೆ ತೂಕ ಪೌಂಡಿನಲ್ಲಿ ಬರುತ್ತದೆ. ಸುತ್ತಳತೆ 40, ಉದ್ದ 50 ಇಂಚು ಇದ್ದರೆ 200 ಪೌಂಡ್, ಅಂದರೆ ಸುಮಾರು 90 ಕೆಜಿ. ಇದು ಸಾಕುಹಂದಿಯ ಲೆಕ್ಕ, ಕಾಡುಹಂದಿಯ ಮೈಕಟ್ಟು ಬೇರೆ, ಆದರೂ ಸುಮಾರಾಗಿ ಹತ್ತಿರ ಬರುತ್ತದೆ. ಈಗ ಉಲ್ಟಾ ಲೆಕ್ಕ ಹಾಕಿ. 200 ಕೆಜಿ ತೂಗಬೇಕೆಂದರೆ, ಉದ್ದ ಐದು ಅಡಿ ಅಂತ ಹಿಡಿದರೂ, ಎದೆಯ ಸುತ್ತಳತೆ ನಾಲ್ಕೂವರೆ ಅಡಿ ಇರಬೇಕು. ಒಂದು ಹಗ್ಗ ತಗೊಂಡು ನಾಲ್ಕೂವರೆ ಅಡಿ ಅಳೆದು ದುಂಡಗೆ ಇಟ್ಟು ನೋಡಿ. ಅಂಥ ಹಂದಿಯನ್ನು ಎಷ್ಟು ಜನ ನೋಡಿದ್ದಾರೆ?

ಈ ರೋಗ ನಮಗೆ ಮಾತ್ರ ಇಲ್ಲ. ಅಮೆರಿಕದ ಜಾರ್ಜಿಯಾದಲ್ಲಿ 2004ರಲ್ಲಿ ಹೊಡೆದ ಒಂದು ಹಂದಿಯನ್ನು ‘ಹಾಗ್‌ಜಿಲ್ಲಾ’ ಅಂತ ಕರೆದು 12 ಅಡಿ ಉದ್ದ, ಸಾವಿರ ಪೌಂಡ್ ಅಂದರು. ಆಮೇಲೆ ನ್ಯಾಷನಲ್ ಜಿಯಾಗ್ರಫಿಕ್‌ನ ತಜ್ಞರು ಹೂತ ಹಂದಿಯನ್ನು ಅಗೆದು ತೆಗೆದು ನೋಡಿದಾಗ ಉದ್ದ ಏಳೂವರೆಯಿಂದ ಎಂಟು ಅಡಿ, ತೂಕ ಸುಮಾರು 800 ಪೌಂಡ್ ಅಂತ ಅಂದಾಜಾಯಿತು. ಅದರಲ್ಲಿ ಸಾಕುಹಂದಿಯ ರಕ್ತವೂ ಬೆರೆತಿತ್ತು. 2007ರಲ್ಲಿ ಅಲಬಾಮಾದಲ್ಲಿ ಒಬ್ಬ ಹುಡುಗ 1,051 ಪೌಂಡಿನ ಕಾಡುಹಂದಿ ಹೊಡೆದ ಅಂತ ಲೋಕವೆಲ್ಲ ಸುದ್ದಿ ಆಯಿತು. ಫೋಟೋದಲ್ಲಿ ಹುಡುಗ ಹಂದಿಗಿಂತ ಹಿಂದೆ ಇರುವುದರಿಂದ ಹಂದಿ ದೊಡ್ಡದಾಗಿ ಕಾಣುತ್ತದೆ ಅಂತ ಆಗಲೇ ಹಲವರು ಹೇಳಿದ್ದರು. ಕೊನೆಗೆ ನೋಡಿದರೆ ಅದು ಫಾರಂನಲ್ಲಿ ಸಾಕಿದ ಹಂದಿ. ನಮ್ಮ ವಾಟ್ಸಾಪಿನಲ್ಲಿ ಓಡಾಡುವ ಫೋಟೋಗಳನ್ನೂ ಹೀಗೇ ನೋಡಿ, ಪಕ್ಕದಲ್ಲಿ ನಿಂತಿದ್ದಾನೆ ಅನ್ನುವ ಮನುಷ್ಯ ನಿಜವಾಗಿ ಎರಡು ಮಾರು ಹಿಂದೆ ಇರುತ್ತಾನೆ, ಮೊಬೈಲನ್ನು ಹಂದಿಯ ಮೂತಿಯ ಹತ್ತಿರ ಹಿಡಿದಿರುತ್ತಾರೆ.

ಇನ್ನೊಂದು ಮಾತು, ಇದು ಜೀವದ ವಿಷಯ. ದರೋಜಿ ಕರಡಿಧಾಮದ ಸುತ್ತ, ಕೊಪ್ಪಳ ಗಂಗಾವತಿ ಗುಡ್ಡಗಳ ಕಡೆ, ರಾತ್ರಿ ಹೊಲಕ್ಕೆ ಕರಡಿಯೂ ಬರುತ್ತದೆ. ಕಪ್ಪಗೆ ತಗ್ಗಿ ನಡೆಯುವ ಕರಡಿಯನ್ನು ದೊಡ್ಡ ಹಂದಿ ಅಂತ ತಿಳಿದು ಕೋಲು ಹಿಡಿದು ಹತ್ತಿರ ಹೋದರೆ ಮುಖವೇ ಉಳಿಯುವುದಿಲ್ಲ. ಬೆಳಿಗ್ಗೆ ಹೆಜ್ಜೆ ನೋಡಿದರೆ ಅನುಮಾನವೇ ಇರುವುದಿಲ್ಲ. ಕರಡಿಗೆ ಐದು ಬೆರಳು, ಮುಂದೆ ಉಗುರಿನ ಗೀರು.

ಬೆಳೆ ಪರಿಹಾರಕ್ಕೂ ಈ ಹೆಜ್ಜೆ ನೋಡುವುದು ಬೇಕು. ಒಂಟಿ ಗಂಡು ಬಂದು ಹೋದ ಹೊಲಕ್ಕೂ ಮರಿ ಕಟ್ಟಿಕೊಂಡು ಹಿಂಡು ಬಂದ ಹೊಲಕ್ಕೂ ಬಹಳ ವ್ಯತ್ಯಾಸ. ಗಂಡು ತಿಂದು ಹೋಗುತ್ತದೆ. ಹಿಂಡು ಬಂದರೆ ಸಾಲಿಗೆ ಸಾಲೇ ಮೂತಿಯಿಂದ ಮಗುಚಿರುತ್ತದೆ, ಶೇಂಗಾ ಬಳ್ಳಿ ಬೇರು ಮೇಲಾಗಿ ಬಿದ್ದಿರುತ್ತದೆ. ‘ದೈತ್ಯ ಹಂದಿ’ ಅಂತ ಬರೆದಾಗ ಒಂದೇ ಪ್ರಾಣಿಯ ಮೇಲೆ ಎಲ್ಲರ ಗಮನ ಹೋಗಿ, ನಿಜವಾಗಿ ಬೆಳೆ ಹಾಳು ಮಾಡಿದ ಹಿಂಡಿನ ಮಾತು ಬಿಟ್ಟೇ ಹೋಗುತ್ತದೆ. ಅರಣ್ಯ ಸಿಬ್ಬಂದಿ ಸ್ಥಳಕ್ಕೆ ಬಂದಾಗ ದೊಡ್ಡ ಹೆಜ್ಜೆ ಎಷ್ಟು, ಸಣ್ಣ ಹೆಜ್ಜೆ ಎಷ್ಟು ಅಂತ ಬರೆದುಕೊಳ್ಳಲಿ. ರೈತರು ಗಾಳಿ ಬಿಸಿಲು ಏರುವ ಮುಂಚೆಯೇ ಹೆಜ್ಜೆಯ ಪಕ್ಕ ಒಂದು ಬೆಂಕಿಪೊಟ್ಟಣ ಇಟ್ಟು ನೇರ ಮೇಲಿನಿಂದ ಫೋಟೋ ತೆಗೆದಿಟ್ಟುಕೊಳ್ಳಲಿ. ಕಾವಲು ಕೆಲಸಕ್ಕೆ ಹೊಸದಾಗಿ ಬಂದ ಹುಡುಗರಿಗೆ ಊರಿನ ಹಿರಿಯರಿಂದ ಒಂದು ದಿನ ಹೆಜ್ಜೆ ಓದುವುದನ್ನು ಕಲಿಸಲು ಇಲಾಖೆಗೆ ಖರ್ಚೇನೂ ಬರುವುದಿಲ್ಲ. ಪತ್ರಿಕೆಯೂ ಶೇಂಗಾ ಕಟಾವಿಗೆ ಮುಂಚೆ ಅಂಥ ಹಿರಿಯರನ್ನು ಮಾತಾಡಿಸಿ, ಹೆಜ್ಜೆಯ ಚಿತ್ರ ಸಮೇತ ಅರ್ಧ ಪುಟ ಹಾಕಿದರೆ ನಮ್ಮ ಕಡೆಯ ರೈತರು ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

— ಒಬ್ಬ ರೈತ, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ