ಗುಣ ತೂಗುವ ಮೊದಲು ನಿಯಮ ನೋಡು

ಉಡುಪಿ

ಪ್ರೀತಿಯ ಚಿತ್ರಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೊಣಾಜೆಯಿಂದ ನೀನು ಕಳಿಸಿದ ಪ್ರಬಂಧದ ಕರಡನ್ನು ಪೂರ್ತಿ ಓದಿದೆ. ಭಾರತ ಮತ್ತು ಬ್ರಿಟನ್ನಿನ ಜನಪ್ರತಿನಿಧಿಗಳನ್ನು ಹೋಲಿಸುವ ವಿಷಯ ಚೆನ್ನಾಗಿದೆ. ಆದರೆ ಎರಡನೇ ಪುಟದಲ್ಲೇ ‘ಅಲ್ಲಿಯವರು ತತ್ವನಿಷ್ಠರು, ನಮ್ಮವರು ಪಕ್ಷದ ಗುಲಾಮರು’ ಎಂದು ಬರೆದುಬಿಟ್ಟಿದ್ದೀ. ಹಾಗಲ್ಲ ಮಾರಾಯ್ತಿ. ತೀರ್ಪು ಅಲ್ಲೇ ಮುಗಿದರೆ ಉಳಿದ ಪುಟಗಳು ಯಾಕೆ?

ರ‍್ಯಾಷನಲ್ ಚಾಯ್ಸ್ ಸಿದ್ಧಾಂತದಿಂದ, ಅಂದರೆ ಪ್ರತಿಯೊಬ್ಬರೂ ತಮ್ಮ ಲಾಭ-ನಷ್ಟ ತೂಗಿ ನಡೆಯುತ್ತಾರೆ ಎಂಬ ದೃಷ್ಟಿಯಿಂದ, ನೋಡುತ್ತೇನೆ ಎಂದು ನೀನೇ ಹೇಳಿದ್ದೀಯಲ್ಲ. ಹಾಗಾದರೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ಆ ಕುರ್ಚಿಯಲ್ಲಿ ಕೂತವನಿಗೆ ಯಾವ ದಾರಿಯಲ್ಲಿ ನಷ್ಟ ಕಡಿಮೆ?

2019ರ ಸೆಪ್ಟೆಂಬರಿನಲ್ಲಿ ಬ್ರೆಕ್ಸಿಟ್ (ಬ್ರಿಟನ್ ಐರೋಪ್ಯ ಒಕ್ಕೂಟ ಬಿಡುವ) ವಿಷಯಕ್ಕೆ ಕನ್ಸರ್ವೇಟಿವ್ ಪಕ್ಷದ 21 ಸಂಸದರು ತಮ್ಮದೇ ಸರ್ಕಾರದ ವಿರುದ್ಧ ಮತ ಹಾಕಿದರು. ಪಕ್ಷ ಅವರನ್ನು ಸಂಸದೀಯ ಗುಂಪಿನಿಂದ ಹೊರಗೆ ಹಾಕಿತು. ಆದರೆ ಸಂಸತ್ತಿನ ಸದಸ್ಯತ್ವ ಹೋಗಲಿಲ್ಲ. ಅವರು ಹೆದರಬೇಕಾದದ್ದು ಮುಂದಿನ ಟಿಕೆಟ್ಟಿಗೆ ಮಾತ್ರ. ನಮ್ಮಲ್ಲಿ 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಶೆಡ್ಯೂಲ್, ಅಂದರೆ ಪಕ್ಷಾಂತರ ತಡೆಯುವ ನಿಯಮ, ಸೇರಿದ ಮೇಲೆ, ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು. ಇಬ್ಬರಿಗೂ ಒಂದೇ ಆತ್ಮಸಾಕ್ಷಿ ಇದ್ದರೂ ತೆರಬೇಕಾದ ಬೆಲೆ ಬೇರೆ, ಅಲ್ವಾ?

ಇನ್ನೂ ಮುಂದೆ ಹೋಗಿ ನೋಡು, ಇಲ್ಲಿಯೇ ನಿನ್ನ ಪ್ರಬಂಧದ ಜೀವ ಇದೆ. ಮೊದಲು ಪಕ್ಷದ ಮೂರನೇ ಒಂದು ಭಾಗ ಶಾಸಕರು ಒಡೆದು ಹೋದರೆ ಅನರ್ಹತೆ ಇರಲಿಲ್ಲ. ಹಾಗಾಗಿ ಗುಂಪು ಕಟ್ಟಿಕೊಂಡೇ ಹೋಗುತ್ತಿದ್ದರು. 2003ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಮೂರನೇ ಎರಡು ಭಾಗ ಸೇರಿ ವಿಲೀನ ಆಗುವ ದಾರಿ ಉಳಿಯಿತು, ಅಷ್ಟು ಜನ ಒಟ್ಟಾಗುವುದು ಕಷ್ಟ. ಆಮೇಲೆ ನಮ್ಮ ರಾಜ್ಯದಲ್ಲಿ ಏನಾಯಿತು? ರಾಜೀನಾಮೆ ಕೊಟ್ಟು, ಉಪಚುನಾವಣೆಯಲ್ಲಿ ಬೇರೆ ಚಿಹ್ನೆಯಲ್ಲಿ ನಿಲ್ಲುವ ದಾರಿ ಹುಟ್ಟಿಕೊಂಡಿತು. 2019ರಲ್ಲಿ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಚುನಾವಣೆಗೆ ನಿಲ್ಲಲು ಬಿಟ್ಟಿತು. ಡಿಸೆಂಬರಿನಲ್ಲಿ ನಿಂತವರಲ್ಲಿ ಹೆಚ್ಚಿನವರು ಗೆದ್ದು ಬಂದರು. ನಿಯಮ ಬದಲಾದಾಗಲೆಲ್ಲ ನಡೆಯೂ ಬದಲಾಗಿದೆ. ಗುಣ ಕೆಟ್ಟದ್ದು ಎಂದಷ್ಟೇ ಹೇಳಿದರೆ ಈ ಬದಲಾವಣೆ ನಿನಗೆ ಕಾಣುವುದೇ ಇಲ್ಲ.

ಜರ್ಮನಿಯನ್ನೂ ಸೇರಿಸು. ಅಲ್ಲಿ ಮುಂದಿನ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಯಾರು ಎಂದು ಅದೇ ಮತದಾನದಲ್ಲಿ ಆರಿಸದೆ ಈಗಿನವರನ್ನು ಇಳಿಸಲು ಆಗುವುದಿಲ್ಲ. 1982ರಲ್ಲಿ ಶ್ಮಿಟ್ ಇಳಿದು ಕೋಲ್ ಬಂದದ್ದು ಹಾಗೆ. ಸುಮ್ನೆ ಬೀಳಿಸಲಿಕ್ಕೆ ಮಾತ್ರ ಒಂದಾಗುವವರಿಗೆ ಅಲ್ಲಿ ಜಾಗ ಇಲ್ಲ.

ಆದರೆ ಲೆಕ್ಕಾಚಾರವೇ ಎಲ್ಲ ಎಂದು ನಂಬಬೇಡ. ನನಗೆ ಹೆಚ್ಚು ಕಾಳಜಿ ಇರುವುದು ಇಲ್ಲಿ. ಈಗ ಪ್ರತಿನಿಧಿಯನ್ನು ಬಿಟ್ಟು ಸಾಮಾನ್ಯ ಮತದಾರನನ್ನು ನೋಡು. ಒಬ್ಬನ ಮತದಿಂದ ಫಲಿತಾಂಶ ಬದಲಾಗುವುದು ತೀರಾ ಅಪರೂಪ, ಹಾಗಾದರೆ ಖರ್ಚು ಮಾಡಿಕೊಂಡು ಮತ ಹಾಕಲು ಹೋಗುವುದು ಯಾಕೆ ಎಂದು ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ 1957ರಲ್ಲೇ ಕೇಳಿದ್ದರು. ಆಸ್ಟ್ರೇಲಿಯಾದಲ್ಲಿ ಇದಕ್ಕೆ ಉತ್ತರ ಸುಲಭ. 1922ರಲ್ಲಿ ಅಲ್ಲಿ ಮತ ಹಾಕಿದವರು ಶೇ. 60ಕ್ಕಿಂತ ಕಡಿಮೆ. 1924ರಲ್ಲಿ ಮತದಾನ ಕಡ್ಡಾಯ ಆಯಿತು, ಮರುವರ್ಷ ಶೇ. 91 ದಾಟಿತು. ನಮ್ಮಲ್ಲಿ ದಂಡ ಇಲ್ಲ. ಆದರೂ ಮುಂಬೈಯಿಂದ, ಬೆಂಗಳೂರಿನಿಂದ ನಮ್ಮ ಜನ ರಾತ್ರಿ ಬಸ್ಸು ಹಿಡಿದು ಊರಿಗೆ ಬಂದು ಮತ ಹಾಕಿ ಹೋಗುತ್ತಾರೆ. ಅದು ಕರ್ತವ್ಯವೋ, ಊರಿನ ಹಂಬಲವೋ, ಮನೆಯವರನ್ನು ನೋಡುವ ನೆಪವೋ? ‘ಅವರಿಗೆ ಅದರಲ್ಲಿ ತೃಪ್ತಿ’ ಎಂದು ಬರೆದು ದಾಟಿಬಿಟ್ಟರೆ ಸಿದ್ಧಾಂತ ಯಾವತ್ತೂ ಸೋಲುವುದಿಲ್ಲ. ಸೋಲಲಾರದ ಸಿದ್ಧಾಂತ ಏನನ್ನೂ ಹೇಳುವುದೂ ಇಲ್ಲ ಮಗಳೇ.

ಯಾರಿಗೆ ಏನು ಬೇಕು ಎಂದು ನೀನೇ ಊಹಿಸಬೇಡ, ಅವರನ್ನೇ ಕೇಳು. ಮುಂದಿನ ಚುನಾವಣೆಯ ಬೆಳಿಗ್ಗೆ ಇಲ್ಲಿಗೆ ಬಾ, ಮುಂಬೈ ಬಸ್ಸುಗಳು ಬರುವ ಹೊತ್ತಿಗೆ ಇಬ್ಬರೂ ಹೋಗೋಣ. ಪ್ರಶ್ನೆಗಳನ್ನು ಈಗಲೇ ಬರೆದಿಡು.

ನಿನ್ನ ದೊಡ್ಡಪ್ಪ