ಇನ್ನು ಭಾನುವಾರ ಬರೆಯುವುದಿಲ್ಲ ಕಣೋ

ಪ್ರೀತಿಯ ಗೆಳೆಯ,

ನೀನು ಮೂರು ಸಲ ಫೋನ್ ಮಾಡಿದ್ದೆ ಅಂತ ಗೊತ್ತು. ಎರಡು ಸಲ ಗದ್ದೆಯಲ್ಲಿದ್ದೆ. ಮೂರನೇ ಸಲ ಫೋನು ಕೈಯಲ್ಲೇ ಇತ್ತು, ನಿನ್ನ ಹೆಸರು ನೋಡುತ್ತಾ ಸುಮ್ಮನೆ ಕೂತೆ. ಪ್ರತಿ ಭಾನುವಾರ ಬರೆಯುತ್ತಿದ್ದವನು ಸುಮ್ಮನಾಗಿದ್ದೀನಲ್ಲ, "ಈ ಭಾನುವಾರವೂ ಬರೆದಿಲ್ಲವಲ್ಲ" ಎಂದು ಕೇಳಿದವರು ಇನ್ನೂ ಬಹಳ ಜನ ಇದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೇಳುವ ಶಕ್ತಿ ಇಲ್ಲ. ಅದಕ್ಕೆ ನಿನಗೆ ಬರೆದು ಎಲ್ಲರ ಮುಂದೆ ಇಡುತ್ತಿದ್ದೇನೆ. ಬೇಜಾರು ಮಾಡ್ಕೋಬೇಡ. ಕೆಂಪು ಛತ್ರಿ ವಿಷಯ ಎತ್ತಲ್ಲ, ಮಾತು ಕೊಟ್ಟಿದ್ದೀನಲ್ಲ.

ಅಪ್ಪ ಹೋಗಿ ನಾಲ್ಕು ತಿಂಗಳಾಯಿತು. ಮೈಸೂರಿನ ಕೆಲಸ ಬಿಟ್ಟೆ, ಕುವೆಂಪುನಗರದ ಮನೆ ಖಾಲಿ ಮಾಡಿದೆ. ಹಸು ಬಿಟ್ಟು ಬರಲ್ಲ ಅಂದಳು ಅಮ್ಮ, ನಾನೇ ಊರಿಗೆ ಬಂದೆ. ಅಪ್ಪನ ಜಮೀನು ನಮ್ಮ ಹೆಸರಿಗೆ ಆಗಲೆಂದು ಪೌತಿ ಖಾತೆಗೆ ಅರ್ಜಿ ಕೊಟ್ಟಾಗಿದೆ. ಒಂದೂವರೆ ಎಕರೆ ಕೂಳೆ ಕಬ್ಬು (ಕಡಿದ ಬುಡದಿಂದ ಮತ್ತೆ ಚಿಗುರಿದ್ದು), ಅರ್ಧ ಎಕರೆ ಭತ್ತ. ಕೈ ತುಂಬಾ ಸೋಗೆ ಕೊಯ್ದ ಗೆರೆಗಳು.

ಬರೆಯಲು ಹೊತ್ತಿಲ್ಲ ಎಂದರೆ ನೀನು ನಂಬುತ್ತೀಯ. ಆದರೆ ಅದು ಪೂರ್ತಿ ನಿಜವಲ್ಲ. ರಾತ್ರಿ ಎಂಟಕ್ಕೆ ಊರು ಮಲಗುತ್ತೆ, ಆಮೇಲೆ ಹೊತ್ತೇ ಹೊತ್ತು.

ನಡುಮನೆಯ ಗೋಡೆಯ ಮೊಳೆಗೆ ಅಪ್ಪ ಕ್ಯಾಲೆಂಡರ್ ನೇತುಹಾಕುತ್ತಿದ್ದದ್ದು ನಿನಗೂ ಗೊತ್ತು. ವರ್ಷ ಮುಗಿದರೂ ಹಳೆಯದನ್ನು ತೆಗೆಯುತ್ತಿರಲಿಲ್ಲ, ಅದರ ಮೇಲೇ ಹೊಸದು. ಸುಣ್ಣ ಹೊಡೆಸೋಣವೆಂದು ಇಳಿಸಿದಾಗ ಏಳು ವರ್ಷದ್ದು ಒಟ್ಟಿಗೆ ಕೈಗೆ ಬಂತು. ಪ್ರತಿ ತಾರೀಖಿನ ಚೌಕದಲ್ಲೂ ಡೈರಿಗೆ ಹಾಕಿದ ಹಾಲಿನ ಲೆಕ್ಕ, ಬೆ 4, ಸಂ 3½. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದೇ ಒಂದು ಮಾತು. "ಗೊಬ್ಬರ ಹಾಕಿದೆ." "ಮಂಡಿ ನೋವು." "ಮಗ ಬಂದಿದ್ದ."

2023ರಲ್ಲಿ ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್.) ತುಂಬಲೇ ಇಲ್ಲ, ನೆನಪಿರಬೇಕು. ಆ ವರ್ಷ ಶ್ರಾವಣದ ಹುಣ್ಣಿಮೆ ಕಳೆದ ಭಾನುವಾರ ನಾನು ನೀರು ಕಟ್ಟುವ ರಾತ್ರಿಯ ಬಗ್ಗೆ ಬರೆದಿದ್ದೆ. ನೀನೇ ಹತ್ತು ಜನಕ್ಕೆ ಕಳಿಸಿದ್ದೆ. ಬೆಳದಿಂಗಳು, ನಾಲೆ, ಸನಿಕೆ ಹೆಗಲಿಗಿಟ್ಟು ಬದುವಿನ ಮೇಲೆ ನಡೆಯುವ ಅಪ್ಪ. ಅದಷ್ಟೂ ಫೋನಿನಲ್ಲಿ ಅಪ್ಪನಿಂದ ಕೇಳಿ ಬರೆದದ್ದು. "ಬೆಳದಿಂಗ್ಳು ಹಾಲು ಚೆಲ್ದಂಗಿತ್ತು ಕಣ್ ಮಗ" ಅಂದಿದ್ದ. ಆ ಸಾಲು ಸಿಕ್ಕಿದ್ದೇ ಸಾಕು ಎಂದು ಫೋನಿಟ್ಟಿದ್ದೆ.

ಆ ತಾರೀಖಿನ ಚೌಕ ಹುಡುಕಿದೆ. "ಮೇಲಿನವರು ಮಡೆ ತಿರುಗಿಸಿಕೊಂಡರು. ಜಗಳ. ನೀರಿಲ್ಲ. ನಡೆದು ಬಂದೆ."

ನಮ್ಮದು ಕನ್ನಂಬಾಡಿಯಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗ. ನೀರು ಪಾಂಡವಪುರ ದಾಟಿ, ಹುಲಿಕೆರೆ ಸುರಂಗ ಹೊಕ್ಕು ಹೊರಬಂದು, ಮಂಡ್ಯದ ಗದ್ದೆಗಳಿಗೆಲ್ಲ ಉಣಿಸಿ ಮದ್ದೂರಿನ ಈ ಮೂಲೆಗೆ ಬರುವಷ್ಟರಲ್ಲಿ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ನಿಲ್ಲಿಸುವ ದಿನವೇ ಹತ್ತಿರ ಬಂದಿರುತ್ತೆ. ಅಣೆಕಟ್ಟೆ 124.80 ಅಡಿ ತುಂಬಿದ ವರ್ಷವೂ ಕೊನೇ ಭಾಗದವರು ತೂಬಿನ ಹತ್ತಿರ ನಿದ್ದೆಗೆಟ್ಟು ಕಾಯಲೇಬೇಕು. ಅಪ್ಪ ಫೋನೆತ್ತಿದ ಕೂಡಲೇ "ಕನ್ನಂಬಾಡಿ ಎಷ್ಟಾಯ್ತಂತೆ?" ಅಂತಿದ್ದ. ಪೇಪರು ನೋಡಿ ಅಡಿ ಲೆಕ್ಕ ಹೇಳಿ, ನನ್ನ ಪ್ರಶ್ನೆಗೆ ಹೋಗುತ್ತಿದ್ದೆ. ಆ ಲೆಕ್ಕ ಅವನಿಗೆ ಯಾಕೆ ಬೇಕು ಎಂದು ಒಂದು ದಿನವೂ ಕೇಳಲಿಲ್ಲ.

ಇದನ್ನು ಇಲ್ಲಿಗೇ ನಿಲ್ಲಿಸೋಣ ಅಂದುಕೊಂಡಿದ್ದೆ, ಆಗುತ್ತಿಲ್ಲ. ಆರು ವರ್ಷ ಶನಿವಾರ ರಾತ್ರಿ ಅಪ್ಪನಿಗೆ ಫೋನ್ ಮಾಡಿದ್ದೀನಿ. ಎಂಥ ಮಗ ಎಂದು ಊರವರು ಹೊಗಳಿದರು. ಮಾಡುತ್ತಿದ್ದದ್ದು ಭಾನುವಾರಕ್ಕೆ ಏನಾದರೂ ಬೇಕಲ್ಲ ಎಂದು ಕಣೋ. ಬರೆಯಲು ಬೇರೆ ವಿಷಯವಿದ್ದ ವಾರ ಫೋನ್ ಮಾಡುತ್ತಲೇ ಇರಲಿಲ್ಲ. ಅವನಿಗೆ ಅದು ಗೊತ್ತಿತ್ತು. ಪಕ್ಕದ ಮನೆ ಹುಡುಗಿಯ ಕೈಲಿ ನನ್ನ ಬರಹ ಓದಿಸಿಕೊಂಡು, ಶನಿವಾರ ಸಂಜೆ "ಇವತ್ತು ಮಗನಿಗೆ ಏನು ಹೇಳೋದಮ್ಮಿ?" ಎಂದು ಅಮ್ಮನನ್ನು ಕೇಳುತ್ತಿದ್ದನಂತೆ. ನನಗೆ ಬೇಕಾದದ್ದನ್ನು ಆರಿಸಿ ಇಟ್ಟಿರುತ್ತಿದ್ದ. ಮಂಡಿ ನೋವು ಅದರಲ್ಲಿ ಇರುತ್ತಿರಲಿಲ್ಲ.

ಅಮ್ಮ ಇದನ್ನು ನಗುತ್ತಲೇ ಹೇಳಿದಳು. ನಾನು ಎದ್ದು ಕೊಟ್ಟಿಗೆಗೆ ಹೋದೆ.

ಇನ್ನು ಪ್ರತಿ ವಾರ ಬರೆಯಲ್ಲ. ಬರೆಯುವುದೇ ಇಲ್ಲವಾ ಎಂದರೆ, ಹಾಗಲ್ಲ. ಒಂದು ಬೆಳೆ ನಾಟಿಯಿಂದ ಕಟಾವಿನವರೆಗೂ ನಾನೇ ನೋಡಬೇಕು. ಯಾರನ್ನೂ ಕೇಳದೆ ಗೊತ್ತಾಗುವಷ್ಟು ಗೊತ್ತಾಗಲಿ. ಈ ವರ್ಷದ ಕ್ಯಾಲೆಂಡರ್ ಅದೇ ಮೊಳೆಗೆ ಹಾಕಿದ್ದೀನಿ, ಹಾಲಿನ ಲೆಕ್ಕ ನಾನೇ ಬರೆಯುತ್ತಿದ್ದೀನಿ. ಅಷ್ಟು ಚಿಕ್ಕ ಅಕ್ಷರ ನನಗೆ ಬರಲ್ಲ, ಪಕ್ಕದ ಚೌಕಕ್ಕೂ ಹರಿಯುತ್ತೆ.

ಸಾಕು ಬಿಡು. ನಿನ್ನ ಮಗಳು ಶಾಲೆಗೆ ಅಳದೆ ಹೋಗ್ತಿದ್ದಾಳಾ? ಅಮ್ಮ ನಿನ್ನನ್ನು ಕೇಳುತ್ತಲೇ ಇರ್ತಾಳೆ, ಇಪ್ಪತ್ತೆರಡನೇ ಮುದ್ದೆ ಇನ್ನೂ ಬಾಕಿ ಇದೆಯಂತೆ. ಮುಂದಿನ ಗುರುವಾರ ನಮ್ಮ ತೂಬಿಗೆ ನೀರು ಬರುವ ಸರದಿ, ಬಂದರೆ ರಾತ್ರಿ ಎರಡರ ಮೇಲೆ. ಮದ್ದೂರಿನಲ್ಲಿ ರೈಲು ಇಳಿ, ಕರಕೊಂಡು ಹೋಗೋಕೆ ಬರ್ತೀನಿ. ವಡೆ ಕಟ್ಟಿಸಿಕೊಂಡೇ ಬಾ. ಒಳ್ಳೇ ಟಾರ್ಚೂ ತಗೊಂಡು ಬಾ, ಅವತ್ತು ಅಮಾವಾಸ್ಯೆ.

ನಿನ್ನವನೇ