ಹೊಳಿಗಿಂತ ಮೊದ್ಲ ಸುದ್ದಿ ಬರ್ಲಿ

ಸಂಪಾದಕರೇ, 2019ರ ಆಗಸ್ಟ್‌ನಾಗ ಕೃಷ್ಣಾ ಹೊಳಿ ಊರೊಳಗ ಬಂದಾಗ ದನಾ-ಕರಾ ಹೊಡಕೊಂಡು ದಿಬ್ಬಕ್ಕ ಓಡಿದ್ವಿ, 2021ರಾಗ ಮತ್ತ ಅದೇ ಗೋಳು, 2023ರಾಗ ನೋಡಿದ್ರ ಬರ. ಹವಾಮಾನ ಬದಲಾಗಿ ತಿಂಗಳ ಮಳಿ ನಾಕೈದು ದಿನದಾಗ ಸುರೀತೈತಿ, ಆದ್ರ ಡ್ಯಾಮ್ ತುಂಬ್ಸೋ ಲೆಕ್ಕ ಮಾತ್ರ ಹಳೇದ. ತುಂಬೋತನಕ ಹಿಡಿದಿಟ್ಟು, ಮ್ಯಾಲಿನ ಮಹಾರಾಷ್ಟ್ರದ ಕೊಯ್ನಾ ಡ್ಯಾಮ್ ಕಡೆ ಜೋರ್ ಮಳಿ ಆದ್ಮ್ಯಾಲೆ ಒಮ್ಮೆಲೇ ಬಿಟ್ರ ದಂಡಿ ಮಂದಿ ಎಲ್ಲಿಗೆ ಹೋಗ್ಬೇಕ್ರಿ? ಖಾಲಿ ಇಟ್ಕೊಂಡ್ರ ಮಳಿ ಕೈಕೊಟ್ಟ ವರ್ಷ ಬ್ಯಾಸಗಿಗೆ ಕುಡಿಯಾಕೂ ನೀರಿರಲ್ಲ, ಅದೂ ಖರೇನ. ಅದಕ್ಕ ಮಹಾರಾಷ್ಟ್ರ, ಕರ್ನಾಟಕ ಎರಡೂ ಕೂಡಿ ಮುನ್ಸೂಚನೆ ನೋಡಿ ಮೊದ್ಲಿಂದ ಸ್ವಲ್ಪ ಸ್ವಲ್ಪ ಬಿಡ್ಲಿ, ಎಷ್ಟು ಕ್ಯೂಸೆಕ್ ಬರ್ತೈತಿ, ಯಾವ ಓಣಿತನಕ ಬರ್ತೈತಿ ಅಂತ ಹಿಂದಿನ ದಿನಾನೇ ಡಂಗುರ ಹೊಡೀಲಿ, ಮೊಬೈಲ್‌ಗೂ ಹಾಕ್ಲಿ.

ಕೃಷ್ಣಾ ದಂಡಿಯ ಓದುಗ, ಜಮಖಂಡಿ ತಾಲೂಕು